ಕೆಲಸದಲ್ಲಿ ಪೆಟ್ಟು ಬಿದ್ದರೆ ಪರಿಹಾರಕ್ಕೆ ಎಷ್ಟು ದಿನದ ವಾಯಿದೆ? ಮಲೆನಾಡಿನ ಕಾರ್ಮಿಕರಿಗೆ ಹಂತ ಹಂತದ ಮಾರ್ಗದರ್ಶಿ

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಕೆಲಸದಲ್ಲಿ ಪೆಟ್ಟು ಮಾಡಿಕೊಂಡವರ ಮನೆಗೆ ಹೋಗಿ ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಗೌಡ್ರು ನೋಡ್ಕೊಳ್ತಾ ಇದಾರೆ." ಆಸ್ಪತ್ರೆ ಬಿಲ್ ಕಟ್ಟಿರುತ್ತಾರೆ. ಆಗಾಗ ಒಂದಿಷ್ಟು ದುಡ್ಡು, ಅಕ್ಕಿ ಕಳಿಸುತ್ತಾರೆ. ಒಳ್ಳೆಯದೇ. ಆದರೆ ಆ ದುಡ್ಡು ಬರುತ್ತಿದೆ ಎಂದು ಕಾನೂನಿನ ವಾಯಿದೆ ನಿಲ್ಲುವುದಿಲ್ಲ. ಅಪಘಾತ ಆದ ದಿನದಿಂದ ಎರಡು ವರ್ಷದೊಳಗೆ ಕ್ಲೇಮ್ ಹಾಕಬೇಕು. ಆಮೇಲೆ ಒಂದು ದಿನ ಮಾಲೀಕರ ಮಗ "ಇನ್ನು ಸಾಕು" ಅಂದಾಗ ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಕಷ್ಟ.

ಈ ಬರಹ ಆ ವಾಯಿದೆಗಳ ಬಗ್ಗೆ. ಯಾವ ಕೆಲಸಕ್ಕೆ ಎಷ್ಟು ದಿನ, ಯಾವ ದಿನದಿಂದ ಎಣಿಸಬೇಕು, ಪರಿಹಾರ ಎಷ್ಟು ಕಾಲ ಬರುತ್ತದೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ

ಜನ ಎರಡು ವಾಯಿದೆಗಳನ್ನು ಕಲಸಿಬಿಡುತ್ತಾರೆ. ಒಂದು, ನೀವು ಪರಿಹಾರ ಕೇಳಲು ಇರುವ ಗಡುವು. ಅದು ಎರಡು ವರ್ಷ. ಇನ್ನೊಂದು, ಪರಿಹಾರ ಎಷ್ಟು ಕಾಲ ಬರುತ್ತದೆ ಅನ್ನುವುದು. ತಾತ್ಕಾಲಿಕವಾಗಿ ಕೆಲಸ ಮಾಡಲು ಆಗದವರಿಗೆ ಹದಿನೈದು ದಿನಕ್ಕೊಮ್ಮೆ ಸಿಗುವ ಹಣಕ್ಕೆ ಗರಿಷ್ಠ ಐದು ವರ್ಷದ ಮಿತಿ ಇದೆ. "ಐದು ವರ್ಷ ಟೈಮ್ ಇದೆಯಂತೆ" ಎಂದು ಯಾರೋ ಹೇಳಿದ್ದನ್ನು ನಂಬಿ ಸುಮ್ನೆ ಕೂತವರು ಇದ್ದಾರೆ. ಆ ಐದು ವರ್ಷ ಹಣ ಬರುವ ಅವಧಿ. ಅರ್ಜಿ ಹಾಕಲು ಅಷ್ಟು ಕಾಲ ಇಲ್ಲ.

ಕಾನೂನಿನ ಹೆಸರನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ಇದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಹಳೆ ಕಾಯ್ದೆಯನ್ನೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಎರಡು ವರ್ಷದ ಗಡುವು, ಐದು ವರ್ಷದ ಮಿತಿ ಅಲ್ಲೂ ಹಾಗೇ ಇವೆ. ನಿಮ್ಮ ಅಪಘಾತ ಆ ದಿನಾಂಕಕ್ಕೆ ಮೊದಲು ಆಗಿತ್ತೋ ನಂತರವೋ ಅನ್ನುವುದನ್ನು ವಕೀಲರಿಗೆ ಮೊದಲೇ ಹೇಳಿ. ಕೆಳಗಿನ ಲೆಕ್ಕಗಳನ್ನು ಹಳೆ ಕಾಯ್ದೆಯ ಪ್ರಕಾರ ಕೊಟ್ಟಿದ್ದೇನೆ.

ಹಂತ 1: ನೀವು ಯಾವ ಬಾಗಿಲು ತಟ್ಟಬೇಕು?

ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರಾ ನೋಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ, ಅಂಗಡಿಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಮಾಚೇನಹಳ್ಳಿ ಕಡೆಯ ಕಾರ್ಖಾನೆಗಳು, ಭದ್ರಾವತಿಯ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ತುಂಬಾ ಜನ ಇದರೊಳಗೆ ಬರುತ್ತಾರೆ. ನೌಕರನಿಂದ 0.75%, ಮಾಲೀಕನಿಂದ 3.25% ವಂತಿಗೆ ಹೋಗುತ್ತದೆ. ಇಎಸ್‌ಐ ಇದ್ದರೆ ಪರಿಹಾರ ಅಲ್ಲಿಂದಲೇ ಪಡೆಯಬೇಕು. ಮಾಲೀಕನ ಮೇಲೆ ಪರಿಹಾರದ ಕೇಸು ಹಾಕಲು ಬರುವುದಿಲ್ಲ. ಇಎಸ್‌ಐ ವಾಯಿದೆಗಳನ್ನು ಮುಂದೆ ಬೇರೆಯಾಗಿ ಹೇಳಿದ್ದೇನೆ.

ಇಎಸ್‌ಐ ಇಲ್ಲದವರಿಗೆ ನೌಕರರ ಪರಿಹಾರ. ಮಲೆನಾಡಿನಲ್ಲಿ ಬಹುಪಾಲು ಜನ ಇಲ್ಲಿಗೇ ಬರುತ್ತಾರೆ. "ತೋಟದ ಕೆಲಸಕ್ಕೆಲ್ಲ ಇದು ಬರಲ್ಲ ಕಣ್ರೀ" ಅನ್ನುವ ಮಾತು ಬಹಳ ಓಡಾಡುತ್ತದೆ. ಅದು ತಪ್ಪು. ಕಾಫಿ, ಟೀ, ಏಲಕ್ಕಿ, ರಬ್ಬರ್ ಎಸ್ಟೇಟಿನವರು ಕಾಯ್ದೆಯ ಎರಡನೇ ಪರಿಶಿಷ್ಟದಲ್ಲಿದ್ದಾರೆ (ಪರಿಶಿಷ್ಟ ಅಂದರೆ ಕಾಯ್ದೆಯ ಕೊನೆಗೆ ಇರುವ ಪಟ್ಟಿ). ಜಮೀನಿನ ಸಾಗುವಳಿ, ಕಾಡಿನ ಕೆಲಸ, ಟ್ರ್ಯಾಕ್ಟರ್, ಟಿಲ್ಲರ್ ಕೆಲಸ, ತೋಟಕ್ಕೆ ಔಷಧಿ ಹೊಡೆಯುವ ಕೆಲಸಗಳೂ ಇವೆ. ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವ ಕೊನೆಗಾರರು, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವವರು, ಸುಲಿಯುವ ಯಂತ್ರಕ್ಕೆ ಕೈ ಕೊಟ್ಟವರು, ಎಲ್ಲರಿಗೂ ದಾರಿ ಇದೆ. ದಿನಗೂಲಿ ಆದರೂ ಸರಿ. 2000ದ ತಿದ್ದುಪಡಿಯ ನಂತರ ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಬರುವವರನ್ನೂ ಹೊರಗಿಡುವ ಹಾಗಿಲ್ಲ.

ಗುತ್ತಿಗೆ ಮೇಸ್ತ್ರಿ ಕರೆದುಕೊಂಡು ಹೋಗಿದ್ದರೆ? ಕೆಲಸ ಯಾರ ವ್ಯವಹಾರಕ್ಕೆ ನಡೆಯುತ್ತಿತ್ತೋ ಅವರ ಮೇಲೂ ಕ್ಲೇಮ್ ಹಾಕಬಹುದು. ಮೇಸ್ತ್ರಿ ಊರು ಬಿಟ್ಟ ಅಂತ ಕೈ ಚೆಲ್ಲಬೇಡಿ.

ಹಂತ 2: ಪೆಟ್ಟು ಬಿದ್ದ ದಿನವೇ ದಾಖಲೆ

ನಮ್ಮ ಕಡೆ ಕೈಕಾಲು ಮುರಿದರೆ ಇವತ್ತಿಗೂ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸುವವರು ಕಡಿಮೆಯೇನಿಲ್ಲ. ಅದು ಅವರವರ ನಂಬಿಕೆ, ಅದರ ಬಗ್ಗೆ ವಾದ ಬೇಡ. ಆದರೆ ಕಟ್ಟು ಹಾಕುವವರು ಚೀಟಿ ಕೊಡುವುದಿಲ್ಲ. ಎಕ್ಸ್-ರೇ ಇರುವುದಿಲ್ಲ, ದಿನಾಂಕ ಇರುವುದಿಲ್ಲ. ಆರು ತಿಂಗಳ ನಂತರ ಕೈ ಸೊಟ್ಟಗೆ ಕೂತರೆ, ಅದು ಅದೇ ಮರದಿಂದ ಬಿದ್ದು ಆದದ್ದು ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಕಟ್ಟು ಎಲ್ಲೇ ಹಾಕಿಸಿ, ಅದಕ್ಕೂ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಹೊರರೋಗಿ ಚೀಟಿ ಮಾಡಿಸಿ. ತಾಲ್ಲೂಕು ಆಸ್ಪತ್ರೆ ಆಗಲಿ, ಶಿವಮೊಗ್ಗದ ಮೆಗ್ಗಾನ್ ಆಗಲಿ.

ಡಾಕ್ಟರ್ ಮುಂದೆ ಹೇಳುವ ಮಾತು ಬಹಳ ಮುಖ್ಯ. "ಮನೇಲಿ ಜಾರಿ ಬಿದ್ದೆ" ಎಂದು ಬರೆಸಿದರೆ ಅಲ್ಲಿಗೆ ಕೇಸು ಅರ್ಧ ಮುಗಿಯಿತು. ಜೊತೆಗೆ ಬಂದ ಎಸ್ಟೇಟಿನ ರೈಟರೋ ಮೇಸ್ತ್ರಿಯೋ "ಪೊಲೀಸು ಗಿಲೀಸು ಯಾಕೆ, ಮನೇಲಿ ಬಿದ್ದಿದ್ದು ಅಂತ ಹೇಳು" ಅನ್ನುವುದುಂಟು. ಒಪ್ಪಬೇಡಿ. ಎಲ್ಲಿ, ಯಾರ ಕೆಲಸದಲ್ಲಿ, ಹೇಗೆ ಪೆಟ್ಟು ಬಿತ್ತು ಎಂದು ಇದ್ದದ್ದನ್ನೇ ಹೇಳಿ. ದೊಡ್ಡ ಪೆಟ್ಟಾದರೆ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಆಗುತ್ತದೆ, ಅದರ ನಂಬರ್ ಬರೆದುಕೊಳ್ಳಿ.

ತೀರ್ಥಹಳ್ಳಿ, ಶೃಂಗೇರಿ ಕಡೆಯವರನ್ನು ಘಾಟಿ ಇಳಿಸಿ ಮಣಿಪಾಲಕ್ಕೆ ಕಳಿಸುವುದು ಸಾಮಾನ್ಯ. ಅಂಥ ಸಂದರ್ಭದಲ್ಲಿ ಮೊದಲು ತೋರಿಸಿದ ಆಸ್ಪತ್ರೆಯ ಚೀಟಿ, ಅಲ್ಲಿಂದ ಬರೆದುಕೊಟ್ಟ ರೆಫರಲ್ ಪತ್ರ, ಆಂಬುಲೆನ್ಸ್ ರಸೀದಿ ಮೂರನ್ನೂ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಸಾರಾಂಶದ ಪ್ರತಿ ಇಲ್ಲದೆ ಆಸ್ಪತ್ರೆ ಬಿಡಬೇಡಿ. ಎರಡು ವರ್ಷ ಬಿಟ್ಟು ಹೋಗಿ ಹಳೆ ಫೈಲ್ ಹುಡುಕಿಸುವುದು ದೊಡ್ಡ ತಲೆನೋವು.

ಹಂತ 3: ಮಾಲೀಕರಿಗೆ ಬರಹದಲ್ಲಿ ತಿಳಿಸಿ

ಕಾಯ್ದೆ ಇದಕ್ಕೆ ಇಂತಿಷ್ಟೇ ದಿನ ಎಂದು ಹೇಳಿಲ್ಲ. "ಸಾಧ್ಯವಾದಷ್ಟು ಬೇಗ" ಅನ್ನುತ್ತದೆ. ನಾನಂತೂ ಒಂದು ವಾರದೊಳಗೆ ಕೊಡಿ ಅನ್ನುತ್ತೇನೆ. ಮಾಲೀಕರಿಗೆ ಬೇರೆ ದಾರಿಯಲ್ಲಿ ವಿಷಯ ಗೊತ್ತಾಗಿದ್ದರೆ ನೋಟಿಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ಬಿದ್ದುಹೋಗುವುದಿಲ್ಲ. ಆದರೆ "ಗೊತ್ತಿತ್ತು" ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬರುತ್ತದೆ. ಒಂದು ಕಾಗದ ಅದನ್ನೆಲ್ಲ ತಪ್ಪಿಸುತ್ತದೆ.

ಇಲ್ಲಿ ಜನರ ಕೈ ಕಟ್ಟಿಹಾಕುವುದು ಕಾನೂನಿಗಿಂತ ಸಂಕೋಚ. ತಲೆತಲಾಂತರದಿಂದ ಅವರ ತೋಟದಲ್ಲೇ ದುಡಿದವರು, ಮನೆ ಮಗಳ ಮದುವೆಗೆ ಅವರೇ ಸಾಲ ಕೊಟ್ಟವರು, ಅವರಿಗೆ ನೋಟಿಸ್ ಕೊಡೋದಾ ಅಂತ. ಹೀಗೆ ಯೋಚಿಸಿ: ಮಾಲೀಕರು ಕಾರ್ಮಿಕರ ವಿಮೆ ಮಾಡಿಸಿದ್ದರೆ ದುಡ್ಡು ಕೊಡುವುದು ವಿಮಾ ಕಂಪನಿ. ಆ ಕಂಪನಿಗೂ ಬರಹದ ದಾಖಲೆ ಬೇಕು. ನೋಟಿಸ್ ಕೊಟ್ಟರೆ ಎಷ್ಟೋ ಸಲ ಮಾಲೀಕರಿಗೂ ಅನುಕೂಲವೇ. ಭಾಷೆ ಗಡುಸಾಗಿರಬೇಕಿಲ್ಲ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನಾನು ನಿಮ್ಮ ತೋಟದಲ್ಲಿ ಕೊನೆ ಕೊಯ್ಯುವ ಕೆಲಸ ಮಾಡುತ್ತಿದ್ದೇನೆ. ಇಂಥ ದಿನ ಬೆಳಗ್ಗೆ ಸುಮಾರು ಇಷ್ಟು ಗಂಟೆಗೆ ಕೆಳಗಿನ ಭಾಗದ ತೋಟದಲ್ಲಿ ಮರದಿಂದ ಬಿದ್ದು ಬಲಗೈ ಮುರಿದಿದೆ. ಆಗ ಜೊತೆಯಲ್ಲಿ ಇಂಥವರು ಇದ್ದರು. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಸದ್ಯ ಕೆಲಸ ಮಾಡಲು ಆಗುತ್ತಿಲ್ಲ. ಕಾನೂನಿನ ಪ್ರಕಾರ ನನಗೆ ಬರಬೇಕಾದ ಪರಿಹಾರ ಮತ್ತು ಚಿಕಿತ್ಸೆಯ ಖರ್ಚನ್ನು ಕೊಡಬೇಕೆಂದು ಕೋರುತ್ತೇನೆ."

ಹೆಸರು, ವಿಳಾಸ, ದಿನಾಂಕ, ಸಹಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಕಾಗದದ ಪ್ರತಿಗೆ ಪಿನ್ ಮಾಡಿ ಇಡಿ. ಕೈಯಲ್ಲೇ ಕೊಡುತ್ತೀರಾ? ಇನ್ನೊಂದು ಪ್ರತಿಯ ಮೇಲೆ "ತಲುಪಿದೆ" ಎಂದು ಸಹಿ ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದರೆ ಆ ಸಂದೇಶ ಅಳಿಸಬೇಡಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ನೋಟಿಸ್ ತಲುಪಿದ ಮೇಲೆ ಮೂರು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಡಾಕ್ಟರಿಂದ ಪರೀಕ್ಷೆ ಮಾಡಿಸುತ್ತೇನೆ ಎಂದರೆ ನೀವು ಹೋಗಲೇಬೇಕು. ಸರಿಯಾದ ಕಾರಣ ಇಲ್ಲದೆ ತಪ್ಪಿಸಿಕೊಂಡರೆ ಅಷ್ಟು ದಿನ ನಿಮ್ಮ ಪರಿಹಾರದ ಹಕ್ಕು ತಡೆಯಾಗುತ್ತದೆ. ಮಾಲೀಕರಿಗೂ ಒಂದು ಗಡುವು ಇದೆ. ಸಾವು ಅಥವಾ ಗಂಭೀರ ಗಾಯ ಆದರೆ ಏಳು ದಿನದೊಳಗೆ ಕಮಿಷನರ್‌ಗೆ, ಅಂದರೆ ಪರಿಹಾರದ ಕೇಸು ವಿಚಾರಿಸುವ ಅಧಿಕಾರಿಗೆ, ವರದಿ ಕಳಿಸುವ ನಿಯಮ ಇದೆ. ಕೈಕಾಲು ಮುರಿದದ್ದು, ಇಪ್ಪತ್ತು ದಿನಕ್ಕಿಂತ ಜಾಸ್ತಿ ಕೆಲಸಕ್ಕೆ ಹೋಗಲಾಗದ್ದು ಎಲ್ಲ ಗಂಭೀರ ಗಾಯವೇ.

ಹಂತ 4: ತಾತ್ಕಾಲಿಕ ಅಶಕ್ತತೆಯ ಹಣ: 3, 16, 28 ದಿನ, ಆಮೇಲೆ 5 ವರ್ಷ

ಈ ನಾಲ್ಕು ಸಂಖ್ಯೆ ನೆನಪಿಟ್ಟುಕೊಳ್ಳಿ.

ಪೆಟ್ಟಿನಿಂದ ಮೂರು ದಿನಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ಮಾತ್ರ ಮಾಲೀಕನ ಹೊಣೆ ಶುರುವಾಗುತ್ತದೆ. ಎರಡು ದಿನ ಮನೆಯಲ್ಲಿ ಮಲಗಿ ಎದ್ದರೆ ಈ ಕಾಯ್ದೆಯಡಿ ಏನೂ ಇಲ್ಲ.

ಅಶಕ್ತತೆ 28 ದಿನಕ್ಕಿಂತ ಕಡಿಮೆ ಇದ್ದರೆ ಮೊದಲ ಮೂರು ದಿನ ಲೆಕ್ಕಕ್ಕೆ ಬರುವುದಿಲ್ಲ. 28 ದಿನ ಅಥವಾ ಜಾಸ್ತಿ ಇದ್ದರೆ ಪೆಟ್ಟು ಬಿದ್ದ ದಿನದಿಂದಲೇ ಲೆಕ್ಕ. ಹಾಗಾಗಿ ಡಾಕ್ಟರ್ ಬರೆದುಕೊಡುವ ವಿಶ್ರಾಂತಿಯ ಅವಧಿ ನೋಡಿಕೊಳ್ಳಿ. ಇನ್ನೂ ಕೈ ಎತ್ತಲು ಆಗದೆ ಇರುವಾಗ, ಚೀಟಿಯಲ್ಲಿ ನಾಲ್ಕು ವಾರಕ್ಕೆ ಒಂದೆರಡು ದಿನ ಕಡಿಮೆ ಇದೆ ಅಂತಾದರೆ ಮತ್ತೆ ಹೋಗಿ ತೋರಿಸಿ, ಮುಂದುವರಿಸಿ ಬರೆಸಿಕೊಳ್ಳಿ. ಸುಳ್ಳು ಬರೆಸಿ ಅನ್ನುತ್ತಿಲ್ಲ. ಇರುವ ನೋವನ್ನು ಚೀಟಿಯಲ್ಲಿ ಇರುವ ಹಾಗೆ ನೋಡಿಕೊಳ್ಳಿ ಅಷ್ಟೇ.

ಮೊದಲ ಕಂತು 16ನೇ ದಿನಕ್ಕೆ ಬರಬೇಕು. ಆಮೇಲೆ ಹದಿನೈದು ದಿನಕ್ಕೊಮ್ಮೆ. ಒಂದು ಕಂತು ಅಂದರೆ ತಿಂಗಳ ಕೂಲಿಯ 25%. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಗೆ ಒಂದು ಮಿತಿ ಇದೆ. 2020ರ ಜನವರಿ 3ರಿಂದ ಅದು 15,000 ರೂಪಾಯಿ. ನೀವು ಕೊಯ್ಲಿನ ಸಮಯದಲ್ಲಿ ಅದಕ್ಕಿಂತ ಜಾಸ್ತಿ ದುಡಿದರೂ ಲೆಕ್ಕ 15,000ಕ್ಕೇ ನಿಲ್ಲುತ್ತದೆ. ಆಗ ಒಂದು ಕಂತು 3,750, ತಿಂಗಳಿಗೆ 7,500. ದೊಡ್ಡ ದುಡ್ಡೇನಲ್ಲ. ಆದರೂ ಹಕ್ಕಿನ ದುಡ್ಡು, ಯಾರ ಮರ್ಜಿಯೂ ಅಲ್ಲ.

ಹೀಗೆ ಎಷ್ಟು ಕಾಲ? ಅಶಕ್ತತೆ ಇರುವವರೆಗೆ, ಅಥವಾ ಐದು ವರ್ಷ, ಇದರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿವರೆಗೆ. ನಡುವೆ ಸ್ಥಿತಿ ಬದಲಾದರೆ ಇಬ್ಬರಲ್ಲಿ ಯಾರು ಬೇಕಾದರೂ ಡಾಕ್ಟರ ಸರ್ಟಿಫಿಕೇಟ್ ಜೊತೆ ಮರುಪರಿಶೀಲನೆ ಕೇಳಬಹುದು. ಆರು ತಿಂಗಳು ಕಂತು ನಡೆದ ಮೇಲೆ, ಇಬ್ಬರೂ ಒಪ್ಪಿದರೆ ಉಳಿದದ್ದನ್ನು ಒಂದೇ ಗಂಟಾಗಿ ಪಡೆಯಲೂ ದಾರಿ ಇದೆ.

ಚಿಕಿತ್ಸೆಯ ನಿಜವಾದ ಖರ್ಚು ಇದೆಲ್ಲಕ್ಕಿಂತ ಬೇರೆ. 2009ರ ತಿದ್ದುಪಡಿಯಿಂದ ಅದನ್ನೂ ಮಾಲೀಕರೇ ತುಂಬಿಕೊಡಬೇಕು. "ಆಸ್ಪತ್ರೆಗೆ ಅಷ್ಟು ಕಟ್ಟಿದ್ದೀನಲ್ಲ, ಅದರಲ್ಲೇ ಮುರಿದುಕೋ" ಅನ್ನುವ ಹಾಗಿಲ್ಲ. ಆದರೆ ಪರಿಹಾರ ಎಂದೇ ಮೊದಲು ಕೊಟ್ಟ ದುಡ್ಡನ್ನು ಕಳೆಯಬಹುದು. ಆದ್ದರಿಂದ ಯಾವ ದುಡ್ಡು ಯಾವುದಕ್ಕೆ ಬಂತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂತ 5: ಶಾಶ್ವತ ನಷ್ಟ ಆಗಿದ್ದರೆ

ಬೆರಳು ಹೋಯಿತು, ಕಣ್ಣು ಹೋಯಿತು, ಸೊಂಟ ನೆಟ್ಟಗಾಗಲಿಲ್ಲ. ಇಂಥದ್ದಕ್ಕೆ ಕಂತಲ್ಲ, ಒಟ್ಟು ಮೊತ್ತ. ಕೆಲವು ಗಾಯಗಳಿಗೆ ಮೊದಲನೇ ಪರಿಶಿಷ್ಟದಲ್ಲೇ ಶೇಕಡಾವಾರು ಬರೆದಿದೆ. ಹೆಬ್ಬೆರಳು ಪೂರ್ತಿ ಹೋದರೆ 30. ಒಂದು ಕೈಯ ನಾಲ್ಕು ಬೆರಳು ಹೋದರೆ 50. ತೋರುಬೆರಳು ಪೂರ್ತಿ ಹೋದರೆ 14. ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ 30. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಡಾಕ್ಟರ್ ಗಳಿಕೆಯ ಶಕ್ತಿ ಎಷ್ಟು ಕುಂದಿದೆ ಎಂದು ಅಂದಾಜು ಕೊಡಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ನಲವತ್ತು ವರ್ಷದವರು, ತಿಂಗಳ ಕೂಲಿ 15,000, ಅಡಿಕೆ ಸುಲಿಯುವ ಯಂತ್ರಕ್ಕೆ ಹೆಬ್ಬೆರಳು ಹೋಗಿದೆ ಅಂದುಕೊಳ್ಳಿ. ಕೂಲಿಯ 60% ಅಂದರೆ 9,000. ಆ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಗುಣಕ 184.17. ಗುಣಿಸಿದರೆ 16,57,530. ಅದರ 30% ಅಂದರೆ 4,97,259 ರೂಪಾಯಿ. ವಯಸ್ಸು ಹೆಚ್ಚಾದಂತೆ ಗುಣಕ ಇಳಿಯುತ್ತದೆ. ಐವತ್ತಕ್ಕೆ ಅದು 153.09. ಆದ್ದರಿಂದ ವಯಸ್ಸಿನ ದಾಖಲೆ ಸರಿಯಾಗಿರಲಿ. ಆಧಾರ್‌ನಲ್ಲಿ ಒಂದು, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ಮೊದಲೇ ವಕೀಲರಿಗೆ ತಿಳಿಸಿ.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇರುವ ಅಂಗವೈಕಲ್ಯದ ಶೇಕಡಾವಾರು ಬೇರೆ, ಗಳಿಕೆಯ ಶಕ್ತಿಯ ನಷ್ಟ ಬೇರೆ. ಒಂದು ಕೈ ಹೋದವರು ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳಬಹುದು, ಆದರೆ ಮರ ಹತ್ತಲು ಆಗುತ್ತದಾ? 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಾಪ್ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಇದನ್ನೇ ನೋಡಿತು. ಗಾಯಗೊಂಡವರು ಬಡಗಿ. ಎಡಗೈ ಮೊಣಕೈ ಮೇಲಿಂದ ಹೋಗಿತ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ಇದು ಪೂರ್ಣ ಅಶಕ್ತತೆ ಎಂದು ಕೋರ್ಟ್ ಒಪ್ಪಿತು. ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಕೇಳುವಾಗ ನೀವು ಮಾಡುತ್ತಿದ್ದ ಕೆಲಸ ಏನು ಎಂದು ಬಿಡಿಸಿ ಹೇಳಿ. ಕೊನೆಗಾರ ಏನೇನು ಮಾಡಬೇಕು ಎಂದು ಶಹರದ ಡಾಕ್ಟರಿಗೆ ಗೊತ್ತಿರಬೇಕು ಅಂತಿಲ್ಲವಲ್ಲ.

ಅದೇ ತೀರ್ಪಿನ ಇನ್ನೊಂದು ಮಾತು ವಾಯಿದೆಗೆ ಸಂಬಂಧಿಸಿದ್ದು. ಪರಿಹಾರ ಕೊಡುವ ಹೊಣೆ ಅಪಘಾತ ಆದ ದಿನವೇ ಹುಟ್ಟುತ್ತದೆ, ತೀರ್ಪು ಬಂದ ದಿನ ಅಲ್ಲ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ. ಸರಿಯಾದ ಕಾರಣ ಇಲ್ಲದೆ ಎಳೆದಾಡಿದ್ದರೆ ಮೊತ್ತದ 50%ವರೆಗೆ ದಂಡವನ್ನೂ ಹಾಕಬಹುದು. ಮೂರ್ನಾಲ್ಕು ವರ್ಷ ಕೇಸು ನಡೆದರೆ ಬಡ್ಡಿಯೇ ಒಳ್ಳೆ ಮೊತ್ತ ಆಗುತ್ತದೆ. ಅರ್ಜಿಯಲ್ಲಿ ಬಡ್ಡಿ ಕೇಳಲು ಮರೆಯಬೇಡಿ.

ಹಂತ 6: ರಾಜಿ ಮಾಡಿಕೊಳ್ಳುವ ಮುಂಚೆ

ಪಂಚಾಯಿತಿ ಕೂತು, ನಾಲ್ಕು ಹಿರಿಯರು ಸೇರಿ, ಸ್ಟ್ಯಾಂಪ್ ಪೇಪರ್ ಮೇಲೆ "ಇನ್ನು ಮುಂದೆ ಯಾವ ಹಕ್ಕೂ ಇಲ್ಲ" ಎಂದು ಬರೆಸಿಕೊಳ್ಳುವುದು ಊರಲ್ಲಿ ನಡೆಯುತ್ತಲೇ ಇರುತ್ತದೆ. ಕಾನೂನಿನ ಹಕ್ಕನ್ನು ಬಿಟ್ಟುಕೊಡುವ ಅಂಥ ಒಪ್ಪಂದಕ್ಕೆ ಬೆಲೆ ಇಲ್ಲ. ಒಟ್ಟು ಮೊತ್ತಕ್ಕೆ ರಾಜಿ ಆಗುವುದಾದರೆ ಆ ಒಪ್ಪಂದದ ವಿವರವನ್ನು ಕಮಿಷನರ್ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅನ್ನಿಸಿದರೆ, ಮೋಸದಿಂದ ಸಹಿ ಹಾಕಿಸಿದ್ದಾರೆ ಅನ್ನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ನೋಂದಣಿ ಆಗದಿದ್ದರೆ ಪೂರ್ತಿ ಪರಿಹಾರದ ಹೊಣೆ ಮಾಲೀಕರ ಮೇಲೆ ಹಾಗೇ ಉಳಿಯುತ್ತದೆ.

ಹಾಗಂತ ರಾಜಿ ಬೇಡ ಅನ್ನುತ್ತಿಲ್ಲ. ಊರಲ್ಲಿ ಬಾಳಬೇಕು, ನಾಳೆ ಅದೇ ತೋಟದ ಮುಂದೆ ಓಡಾಡಬೇಕು. ಆದರೆ ಮೇಲಿನ ಲೆಕ್ಕ ಮಾಡಿ, ನಿಮಗೆ ಎಷ್ಟು ಬರಬೇಕು ಎಂದು ತಿಳಿದುಕೊಂಡು ಆಮೇಲೆ ಮಾತಿಗೆ ಕೂರಿ. ಐದು ಲಕ್ಷದ ಹತ್ತಿರ ಬರುವ ಕೇಸಿಗೆ ಐವತ್ತು ಸಾವಿರ ತಗೊಂಡು ಕೈ ಮುಗಿದು ಬರುವುದು ಬೇಡ, ಅಲ್ವಾ?

ಹಂತ 7: ಎರಡು ವರ್ಷದೊಳಗೆ ಕ್ಲೇಮ್ ಅರ್ಜಿ

ಅಪಘಾತದ ದಿನಾಂಕದಿಂದ ಎರಡು ವರ್ಷ. ಸಾವಾಗಿದ್ದರೆ ಸತ್ತ ದಿನದಿಂದ ಎರಡು ವರ್ಷ. ಕ್ಯಾಲೆಂಡರ್‌ನಲ್ಲಿ ಕೊನೆ ದಿನವನ್ನು ಗುರುತು ಹಾಕಿ, ಅದಕ್ಕಿಂತ ಮೂರು ತಿಂಗಳು ಮುಂಚೆ ನಿಮ್ಮದೇ ಗಡುವು ಇಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಬಸ್ಸಿಲ್ಲ, ಕರೆಂಟಿಲ್ಲ, ಜೆರಾಕ್ಸ್ ಇಲ್ಲ. ಜುಲೈನಲ್ಲಿ ವಾಯಿದೆ ಮುಗಿಯುವವರು ಏಪ್ರಿಲ್‌ನಲ್ಲೇ ಅರ್ಜಿ ಹಾಕಿ.

ಕರ್ನಾಟಕದಲ್ಲಿ ಈ ಕೇಸುಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ಕಮಿಷನರ್ ಆಗಿ ವಿಚಾರಣೆ ಮಾಡುತ್ತಾ ಬಂದಿದ್ದಾರೆ. ಹೊಸ ಸಂಹಿತೆ ಇವರನ್ನು ಸಕ್ಷಮ ಪ್ರಾಧಿಕಾರ ಎಂದು ಕರೆಯುತ್ತದೆ. ನಿಮ್ಮ ಅಪಘಾತದ ದಿನಾಂಕಕ್ಕೆ ಯಾರ ಮುಂದೆ ಹಾಕಬೇಕು ಎಂದು ಶಿವಮೊಗ್ಗದ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಅಥವಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಎಲ್ಲಿ ಹಾಕಬಹುದು ಅನ್ನುವುದು ಹೊರಗಿನಿಂದ ಬಂದವರಿಗೆ ದೊಡ್ಡ ಅನುಕೂಲ. ಅಪಘಾತ ನಡೆದ ಜಾಗದಲ್ಲೇ ಹಾಕಬೇಕು ಅಂತಿಲ್ಲ. ಗಾಯಗೊಂಡವರು ವಾಸ ಇರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಕೊಪ್ಪದ ಎಸ್ಟೇಟಿಗೆ ಕೊಯ್ಲಿಗೆ ಬಂದು ಕಾಲು ಮುರಿದುಕೊಂಡ ಹಾವೇರಿ ಕಡೆಯವರು ಪ್ರತಿ ತಾರೀಕಿಗೂ ಬಸ್ಸು ಹತ್ತಿ ಘಟ್ಟಕ್ಕೆ ಬರಬೇಕಿಲ್ಲ.

ಜೊತೆಗೆ ಇಡಬೇಕಾದ್ದು: ಆಸ್ಪತ್ರೆ ಕಾಗದಗಳು, ನೋಟಿಸ್ ಪ್ರತಿ, ವಯಸ್ಸಿನ ದಾಖಲೆ, ಕೂಲಿಗೆ ಪುರಾವೆ. ಈ ಕೊನೆಯದೇ ಕಷ್ಟ. ಕೈಯಲ್ಲಿ ನಗದು ಕೊಡುವ ಕಡೆ ಪುರಾವೆ ಎಲ್ಲಿಂದ ತರುವುದು? ಫೋನ್‌ಪೇ, ಗೂಗಲ್‌ಪೇನಲ್ಲಿ ಬಂದ ಹಣದ ದಾಖಲೆ ತೆಗೆಸಿ. ಮೇಸ್ತ್ರಿಯ ಹಾಜರಿ ಪುಸ್ತಕದ ಆ ಪುಟದ ಫೋಟೊ ಇದ್ದರೆ ಬಹಳ ಒಳ್ಳೆಯದು. ಜೊತೆ ಕೆಲಸಗಾರರ ಸಾಕ್ಷಿ ಇನ್ನೊಂದು. ಏನೂ ಇಲ್ಲದಿದ್ದರೆ ಆ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವನ್ನಾದರೂ ಮುಂದಿಡಿ.

ವಕೀಲರ ಫೀಸಿಗೆ ಹೆದರಿ ಕೂರಬೇಡಿ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. "ಬಂದದ್ದರಲ್ಲಿ ಮೂರನೇ ಒಂದು ಪಾಲು ಕೊಡು" ಅನ್ನುವವರ ಹಿಂದೆ ಹೋಗುವ ಮುಂಚೆ ಇಲ್ಲಿಗೆ ಹೋಗಿ.

ಕೇಸನ್ನು ಮೂರು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಮೂರು ತಿಂಗಳನ್ನು ನಂಬಿ ಯಾರಿಗೂ ಸಾಲ ತೀರಿಸುವ ಮಾತು ಕೊಡಬೇಡಿ. ತೀರ್ಪು ಸರಿ ಅನ್ನಿಸದಿದ್ದರೆ 60 ದಿನದೊಳಗೆ ಹೈಕೋರ್ಟ್‌ಗೆ ಮೇಲ್ಮನವಿ. ಶಿವಮೊಗ್ಗ, ಚಿಕ್ಕಮಗಳೂರಿನವರಿಗೆ ಅದು ಬೆಂಗಳೂರಿನ ಪೀಠ. ಮಾಲೀಕರು ಮೇಲ್ಮನವಿ ಹೋಗುವುದಾದರೆ ಮೊದಲು ಪರಿಹಾರದ ಮೊತ್ತ ಠೇವಣಿ ಇಡಬೇಕು.

ಇಎಸ್‌ಐ ಇದ್ದವರಿಗೆ

ಇಲ್ಲಿ ವಾಯಿದೆಗಳು ಬೇರೆ, ಸೌಲಭ್ಯ ಜಾಸ್ತಿ. ಕೆಲಸದಲ್ಲಿ ಆದ ಗಾಯಕ್ಕೆ ದಿನಗೂಲಿ ಸರಾಸರಿಯ ಸುಮಾರು 90% ಸಿಗುತ್ತದೆ. ಅಪಘಾತದ ದಿನ ಬಿಟ್ಟು ಕನಿಷ್ಠ ಮೂರು ದಿನ ಅಶಕ್ತತೆ ಇರಬೇಕು. ಇದಕ್ಕೆ ಐದು ವರ್ಷದ ಮಿತಿ ಇಲ್ಲ, ಅಶಕ್ತತೆ ಇರುವಷ್ಟೂ ದಿನ ಬರುತ್ತದೆ. ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತೂ ಇಲ್ಲ. ಕೆಲಸಕ್ಕೆ ಸೇರಿದ ವಾರದಲ್ಲೇ ಬೆರಳು ಹೋದರೂ ಹಕ್ಕು ಇದೆ. ಶಾಶ್ವತ ನಷ್ಟ ಆದರೆ ವೈದ್ಯಕೀಯ ಮಂಡಳಿ ನಿಗದಿ ಮಾಡಿದ ಪ್ರಮಾಣದಲ್ಲಿ ಜೀವನಪೂರ್ತಿ ತಿಂಗಳ ಹಣ.

ಇದನ್ನು ಕಾಯಿಲೆ ಭತ್ಯೆ ಜೊತೆ ಕಲಸಬೇಡಿ. ಜ್ವರ, ಟೈಫಾಯಿಡ್‌ಗೆ ಕೊಡುವ ಆ ಭತ್ಯೆ 70%, ವರ್ಷಕ್ಕೆ ಗರಿಷ್ಠ 91 ದಿನ. ಕಾರ್ಖಾನೆಯವರು ಕೆಲಸದ ಗಾಯವನ್ನು ಸುಮ್ನೆ ಕಾಯಿಲೆ ಎಂದು ಬರೆಸಿಬಿಟ್ಟರೆ 91ನೇ ದಿನಕ್ಕೆ ಹಣ ನಿಲ್ಲುತ್ತದೆ. ಆದ್ದರಿಂದ ಅಪಘಾತ ಪುಸ್ತಕದಲ್ಲಿ ನಮೂದಾಗಿದೆಯಾ, ಮಾಲೀಕರು ಅಪಘಾತ ವರದಿ ಕಳಿಸಿದ್ದಾರಾ ಎಂದು ಮೊದಲ ದಿನವೇ ಕೇಳಿ. ವರದಿ 24 ಗಂಟೆಯೊಳಗೆ ಹೋಗಬೇಕು.

ಸೌಲಭ್ಯವನ್ನು ಅದು ಸಲ್ಲಬೇಕಾದ ದಿನದಿಂದ 12 ತಿಂಗಳೊಳಗೆ ಕೇಳಿ. ತಕರಾರು ಬಂದರೆ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಲು ಹಳೆ ಇಎಸ್‌ಐ ಕಾಯ್ದೆಯಲ್ಲಿ ಮೂರು ವರ್ಷದ ಗಡುವು. ತಾತ್ಕಾಲಿಕ ಅಶಕ್ತತೆಯ ಹಣ ಪಡೆಯುತ್ತಿರುವಾಗ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ.

ಗಾಯ ಅಲ್ಲ, ಕಾಯಿಲೆ ಆದರೆ?

ಜಲ್ಲಿ ಕ್ರಷರ್, ಫೌಂಡ್ರಿಯ ಧೂಳು ಕುಡಿದು ಬರುವ ಸಿಲಿಕೋಸಿಸ್‌ಗೆ "ಅಪಘಾತದ ದಿನ" ಯಾವುದು? ಕಾಯ್ದೆ ಅದಕ್ಕೆ ಉತ್ತರ ಕೊಟ್ಟಿದೆ. ಕಾಯಿಲೆಯಿಂದ ಅಶಕ್ತರಾಗಿ ಸತತವಾಗಿ ಕೆಲಸಕ್ಕೆ ಹೋಗದೆ ಉಳಿದ ದಿನಗಳಲ್ಲಿ ಮೊದಲನೆಯ ದಿನ. ಕೆಲಸ ಬಿಡುವಷ್ಟು ಆಗಿಲ್ಲ, ಶಕ್ತಿ ಮಾತ್ರ ಕುಂದಿದೆ ಅಂದರೆ ಮಾಲೀಕರಿಗೆ ತಿಳಿಸಿದ ದಿನದಿಂದ ಎರಡು ವರ್ಷ. ಎದೆಯ ಎಕ್ಸ್-ರೇಗೆ ಹೋದಾಗ ಎಷ್ಟು ವರ್ಷ ಯಾವ ಕೆಲಸ ಮಾಡಿದಿರಿ ಎಂದು ಚೀಟಿಯಲ್ಲಿ ಬರೆಸಿ. ಬರೀ ಕ್ಷಯ ಎಂದು ಔಷಧಿ ಕೊಟ್ಟು ಕಳಿಸುವುದುಂಟು.

ಜೊತೆಗೆ ನೋಡಬೇಕಾದ ಇನ್ನೆರಡು ಗಡುವು

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತ ಆಗುತ್ತಿದೆಯಾ ನೋಡಿ. ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಅಥವಾ ಒಂದು ಕೈ, ಕಾಲಿನ ಬಳಕೆ ಪೂರ್ತಿ ಹೋದರೆ 1 ಲಕ್ಷ, ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಬ್ಯಾಂಕಿಗೆ ಅರ್ಜಿ 30 ದಿನದೊಳಗೆ ಕೊಡಬೇಕು. ಇದು ಬೇರೆ ಪರಿಹಾರಕ್ಕೆ ಅಡ್ಡ ಬರುವುದಿಲ್ಲ.

ಲೋಡ್ ಹೊತ್ತ ಪಿಕಪ್ ಮಗುಚಿ ಪೆಟ್ಟಾಗಿದ್ದರೆ ಮೋಟಾರು ವಾಹನ ಕಾಯ್ದೆಯ ದಾರಿಯೂ ಇದೆ. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಆ ಕಾಯ್ದೆಯಲ್ಲಿ ಗಡುವು ಬರೀ ಆರು ತಿಂಗಳು, 2022ರ ಏಪ್ರಿಲ್ 1ರಿಂದ. ಈ ಮಿತಿಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದ್ದಾರೆ. ಆದರೆ ಅದನ್ನು ನಂಬಿ ತಡ ಮಾಡಬೇಡಿ, ಮೊದಲ ತಿಂಗಳಲ್ಲೇ ವಕೀಲರ ಹತ್ತಿರ ಯಾವ ದಾರಿ ಒಳ್ಳೆಯದು ಎಂದು ಕೇಳಿ.

ಎರಡು ವರ್ಷ ಆಗಲೇ ಮುಗಿದಿದ್ದರೆ

ಬಾಗಿಲು ಪೂರ್ತಿ ಮುಚ್ಚಿಲ್ಲ. ತಡಕ್ಕೆ ಸಾಕಷ್ಟು ಕಾರಣ ಇದೆ ಎಂದು ಮನವರಿಕೆ ಆದರೆ ಕಮಿಷನರ್ ವಾಯಿದೆ ಮೀರಿದ ಕ್ಲೇಮನ್ನೂ ತೆಗೆದುಕೊಳ್ಳಬಹುದು. ಮೂಲ ಅರ್ಜಿಯ ಜೊತೆ ವಿಳಂಬ ಮನ್ನಿಸಿ ಎಂದು ಇನ್ನೊಂದು ಅರ್ಜಿ ಹಾಕಬೇಕು. ಅದರ ಜೊತೆ ಪ್ರಮಾಣಪತ್ರ ಇರಬೇಕು. "ಗೊತ್ತಿರಲಿಲ್ಲ" ಎಂಬ ಒಂದೇ ಮಾತು ಸಾಲದು. ಆಪರೇಷನ್ ಮೇಲೆ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದರೆ ಆ ದಿನಾಂಕಗಳು, ಮಾಲೀಕರು "ಕೊಡ್ತೀನಿ ಕೊಡ್ತೀನಿ" ಎಂದು ಎಳೆದಿದ್ದರೆ ಆ ಸಂದೇಶಗಳು, ಅಲ್ಲಿವರೆಗೆ ಹಾಕಿದ ಹಣದ ಬ್ಯಾಂಕ್ ದಾಖಲೆ, ಇವನ್ನು ತಿಂಗಳವಾರು ಜೋಡಿಸಿ ಕೊಡಿ. ವಾಯಿದೆ ಮುಗಿದು ಎಷ್ಟು ದಿನ ಆಯಿತು ಅನ್ನುವುದರ ಜೊತೆಗೆ, ವಿಷಯ ತಿಳಿದ ಮೇಲೆ ನೀವು ಎಷ್ಟು ಬೇಗ ಬಂದಿರಿ ಅನ್ನುವುದನ್ನೂ ನೋಡುತ್ತಾರೆ. ಹಾಗಾಗಿ ಇದನ್ನು ಓದುತ್ತಿರುವವರ ಮನೆಯಲ್ಲೇ ಅಂಥ ಕೇಸು ಇದ್ದರೆ, ಕಾಗದಗಳನ್ನು ಒಂದು ಕವರಿಗೆ ಹಾಕಿಕೊಂಡು ಇದೇ ವಾರ ಕಾನೂನು ಸೇವಾ ಸಮಿತಿಗೆ ಹೋಗಿ.